ಅಣ್ಣನ ಮನೆಗೆ ಹೋಗಲು ರಜೆಯಿಲ್ಲವೆ?

ನಮ್ಮ ಸಂಘದ ಯುಗಾದಿ ಸಮಾರಂಭದಲ್ಲಿ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತ ಸದಸ್ಯ ಮಿತ್ರರೊಬ್ಬರು ಹೋಳಿಗೆ ಬಡಿಸುವ ತನಕವೂ ತಮ್ಮ ಅಂಡಮಾನ್ ಪ್ರವಾಸವನ್ನು ಬಣ್ಣಿಸಿದರು. ಅವರ ತಮ್ಮ ಹೈದರಾಬಾದಿನಲ್ಲಿರುವುದು ನನಗೆ ಗೊತ್ತಿತ್ತು. “ತಮ್ಮ ಹೇಗಿದ್ದಾರೆ?” ಎಂದು ಕೇಳಿದೆ. “ಚೆನ್ನಾಗಿದ್ದಾನೆ ಮಾರಾಯ್ರೆ, ಫೋನಿನಲ್ಲಿ ಸಿಗುತ್ತಾನೆ. ಅವನ ಹೊಸ ಮನೆ ಮಾತ್ರ ನಾನಿನ್ನೂ ನೋಡಿಲ್ಲ” ಎಂದರು. ಆ ‘ಹೊಸ’ ಮನೆಯ ಗೃಹಪ್ರವೇಶವಾಗಿ ಆರು ವರ್ಷಗಳಾಗಿವೆ!

ಅವರನ್ನು ಹಳಿಯುವ ಹಕ್ಕು ನನಗಿಲ್ಲ. ಏಳು ವರ್ಷ ಕಾಲ ನಾನೂ ಇದೇ ಉತ್ತರವನ್ನು ಕೊಟ್ಟವನು. ನನ್ನ ಅಣ್ಣನ ಸಂಸಾರ 2018ರಲ್ಲಿ ಡೊಂಬಿವಲಿಯಿಂದ ಚೆನ್ನೈಯ ಅಂಬತ್ತೂರಿಗೆ ಹೋಯಿತು. ಅದಕ್ಕೆ ಮೊದಲು ಭಾನುವಾರ ಬಂತೆಂದರೆ ಅವರು ಇಲ್ಲಿ, ಇಲ್ಲವೆ ನಾವು ಅಲ್ಲಿ. 2022ರ ಮಾರ್ಚಿಯಲ್ಲಿ ಅಣ್ಣನಿಗೆ ಆಪರೇಷನ್ ಆಯಿತು. ಆಫೀಸಿನಲ್ಲಿ ವರ್ಷಾಂತ್ಯದ ಲೆಕ್ಕಪತ್ರದ ಕೆಲಸವೆಂದು ಹೇಳಿ, ಫೋನಿನಿಂದಲೇ ಹಣ ಕಳುಹಿಸಿ ಕೈತೊಳೆದುಕೊಂಡೆ. ಅದೇ ವರ್ಷ ಡಿಸೆಂಬರಿನಲ್ಲಿ, ಸ್ವಂತ ಊರಿನ ಎಲ್.ಟಿ.ಸಿ.ಯನ್ನು ಕಾಶ್ಮೀರಕ್ಕೆ ಬದಲಾಯಿಸಿಕೊಳ್ಳುವ ವಿಶೇಷ ಸವಲತ್ತನ್ನು ಬಳಸಿ, ಹೆಂಡತಿ ಮಕ್ಕಳೊಡನೆ ವಿಮಾನದಲ್ಲಿ ಹೋಗಿ ಹಿಮ ನೋಡಿ ಬಂದೆ. ಆಗ ಲೆಕ್ಕಪತ್ರ ಅಡ್ಡ ಬರಲಿಲ್ಲ.

ಒಂದು ದಿನ ನನ್ನ ಮಗಳು ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ, “ಪಪ್ಪಾ, ಈ ಅಂಕಲ್ ಯಾರು?” ಎಂದು ಕೇಳಿದಳು. ಅದು ಅಣ್ಣನ ಫೋಟೋ. ಮೂರು ವರ್ಷದವಳಿದ್ದಾಗ ಅವನ ಹೆಗಲ ಮೇಲಿಂದ ಇಳಿಯಲು ಒಪ್ಪದ ಹುಡುಗಿ ಅವಳು.

ನಮ್ಮ ನೆಪಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು ಖರ್ಚು. ಕೇಂದ್ರ ಸರಕಾರಿ ನೌಕರರಿಗೆ ನಾಲ್ಕು ವರ್ಷಗಳ ಬ್ಲಾಕಿನಲ್ಲಿ ಒಮ್ಮೆ ಭಾರತದ ಯಾವ ಊರಿಗಾದರೂ ಹೋಗಿಬರಲು ಅವಕಾಶವಿದೆ. ಆ ಊರಿನಲ್ಲಿ ಮಂಜಿನ ಬೆಟ್ಟವಾಗಲಿ ಸಮುದ್ರದಂಡೆಯಾಗಲಿ ಇರಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಅಂಬತ್ತೂರೂ ಭಾರತದಲ್ಲೇ ಇದೆ! ಎಲ್.ಟಿ.ಸಿ. ಕೊಡುವುದು ಪ್ರಯಾಣದ ದರವನ್ನು ಮಾತ್ರ. ವಸತಿ, ಊಟ, ಸ್ಥಳೀಯ ಓಡಾಟ ಎಲ್ಲ ನಮ್ಮ ಜೇಬಿನಿಂದಲೇ. ಕಾಶ್ಮೀರದ ಹೋಟೆಲಿಗೂ ಟ್ಯಾಕ್ಸಿಗೂ ನಾನು ತೆತ್ತ ಹಣದಲ್ಲಿ ಅಣ್ಣನ ಮನೆಗೆ ಎರಡು ಸಲ ಹೋಗಿಬರಬಹುದಿತ್ತು. ಎಲ್.ಟಿ.ಸಿ. ಎಲ್ಲರಿಗೂ ಇಲ್ಲ, ನಿಜ. 2016ರಿಂದ ಐದು ವರ್ಷ ತುಂಬಿದ ಮಕ್ಕಳಿಗೆ ಬರ್ತ್ ಬೇಕೆಂದರೆ ಪೂರ್ತಿ ದರವನ್ನೇ ತೆರಬೇಕೆಂಬುದೂ ನಿಜ. ಆದರೆ ಅದೇ ದರ ಕೊಟ್ಟು ಗೋವೆಗೆ ಹೋಗುವಾಗ ನಮಗೆ ಹೊರೆಯೆನಿಸುವುದಿಲ್ಲವಲ್ಲ?

ಎರಡನೆಯದು “ಅತ್ತಿಗೆಗೆ ತೊಂದರೆ” ಎಂಬ ಸೌಜನ್ಯದ ಮಾತು. ಎರಡು ಕೋಣೆಯ ಮನೆ, ಎಂಟು ಜನ, ಒಂದೇ ಬಚ್ಚಲು. ತೊಂದರೆ ಇಲ್ಲವೆಂದು ಯಾರೂ ಹೇಳರು. ಅದಕ್ಕೆ ಉಪಾಯ ಹೋಟೆಲಿನ ಕೋಣೆಯಲ್ಲ. ನಾವು ಗಂಡಸರು ತರಕಾರಿ ಹೆಚ್ಚಬೇಕು, ಪಾತ್ರೆ ತೊಳೆಯಬೇಕು, ನಮ್ಮ ಬಟ್ಟೆ ನಾವೇ ಒಗೆದುಕೊಳ್ಳಬೇಕು. ಸೋಫಾದ ಮೇಲೆ ಕುಳಿತು “ಅತ್ತಿಗೆ, ಇನ್ನೊಂದು ಲೋಟ ಕಾಫಿ” ಎನ್ನುವ ಮೈದುನ ಮನೆಗೆ ಬರದಿದ್ದರೇ ಕ್ಷೇಮ.

ಮೂರನೆಯದು ವಿಡಿಯೋ ಕರೆ. ಕ್ಷೇಮಸಮಾಚಾರಕ್ಕೆ ಅದು ಸಾಕು. ಆದರೆ ಒಟ್ಟಿಗೆ ಮಲಗಿ, ಚಾದರಕ್ಕಾಗಿ ಜಗಳವಾಡಿ, ಬೆಳಗ್ಗೆ ಎದ್ದು ರಾಜಿಯಾಗದ ಮಕ್ಕಳು ಅಣ್ಣತಮ್ಮ ಅಕ್ಕತಂಗಿಯರಾಗುವುದು ಹೇಗೆ?

ಹೊರನಾಡ ಕನ್ನಡಿಗರಾದ ನಮಗೆ ಇದರಲ್ಲಿ ಬೇರೆಯವರಿಗಿಂತ ಹೆಚ್ಚಿನ ನಷ್ಟವಿದೆ. ಕುಂದಾಪುರದ ಕಡೆಯಲ್ಲಿದ್ದ ನಮ್ಮ ಮನೆ ಪಾಲಾಗಿ ಮಾರಾಟವಾಯಿತು. ನನ್ನ ಸರ್ವಿಸ್ ಬುಕ್ಕಿನಲ್ಲಿ ಸ್ವಂತ ಊರೆಂದು ಅದರ ಹೆಸರೇ ಇದೆ. ಆದರೆ ಅಲ್ಲಿಗೆ ಹೋದರೆ ಚೀಲ ಇಳಿಸಲು ಜಗಲಿಯಿಲ್ಲ. ಇಲ್ಲಿ ಓದುವ ನಿಮ್ಮಲ್ಲಿ ಅನೇಕರ ಕಥೆಯೂ ಇದೇ ಇರಬೇಕು. ಹಾಗಾದರೆ ನಮ್ಮ ಮಕ್ಕಳಿಗೆ ಊರು ಯಾವುದು? ನಾನು ಹೇಳುತ್ತೇನೆ: ದೊಡ್ಡಪ್ಪನ ಮನೆಯೇ ಊರು, ಅತ್ತೆಯ ಮನೆಯೇ ಊರು. ಅದು ಪುಣೆಯಲ್ಲಿರಲಿ, ದಿಲ್ಲಿಯಲ್ಲಿರಲಿ, ನಮಗೆ ಉಳಿದಿರುವ ಊರು ಅದೊಂದೇ. ಅದನ್ನೂ ಕಳೆದುಕೊಂಡರೆ ಸರ್ವಿಸ್ ಬುಕ್ಕಿನ ಹೆಸರಷ್ಟೇ ಉಳಿದೀತು.

2025ರ ಮೇ ತಿಂಗಳಲ್ಲಿ ಕೊನೆಗೂ ಹೊರಟೆವು. ಚೆನ್ನೈಗೆ ಹೋಗುವ ರೈಲು ಸೊಲ್ಲಾಪುರ ದಾಟಿದ ಮೇಲೆ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರುಗಳನ್ನು ಹಾದುಹೋಗುತ್ತದೆ. ಮಗ ಕಿಟಕಿಯಲ್ಲಿ ಕುಳಿತು ನಿಲ್ದಾಣದ ಕನ್ನಡ ಬೋರ್ಡುಗಳನ್ನು ಅಕ್ಷರ ಕೂಡಿಸಿ ಓದಿದ. ಭೀಮಾ, ಕೃಷ್ಣಾ, ತುಂಗಭದ್ರಾ ನದಿಗಳನ್ನು ಒಂದೇ ದಾರಿಯಲ್ಲಿ ಕಂಡ.

ಮೊದಲ ದಿನ ನಾಲ್ಕು ಮಕ್ಕಳೂ ಇಂಗ್ಲಿಷಿನಲ್ಲೇ ಮಾತಾಡಿದರು. ನಮ್ಮವರ ಮರಾಠಿ ಹಿಂದಿ ಅವರಿಗೆ ಬಾರದು, ಅವರ ತಮಿಳು ನಮ್ಮವರಿಗೆ ತಿಳಿಯದು. ಮರುದಿನ ಬೆಳಗ್ಗೆ ಅತ್ತಿಗೆ ಸಟ್ಟುಗ ಹಿಡಿದು, “ಇಂಗ್ಲಿಷ್ ಮಾತಾಡಿದವರಿಗೆ ನೀರುದೋಸೆ ಇಲ್ಲ” ಎಂದು ಸಾರಿದರು. ನಾಲ್ಕನೆಯ ದಿನಕ್ಕೆ ಕೇರಂ ಬೋರ್ಡಿನ ಸುತ್ತ ಜಗಳವೆಲ್ಲ ಕನ್ನಡದಲ್ಲೇ ನಡೆಯಿತು. ತಪ್ಪು ಕನ್ನಡ, ಆದರೆ ಕನ್ನಡ. ಮಕ್ಕಳಿಗೆ ಕನ್ನಡ ಬೇಕೆಂದು ನಾವು ಭಾಷಣ ಮಾಡುತ್ತೇವೆ. ಕನ್ನಡವಿಲ್ಲದೆ ನಡೆಯದ ಮನೆಯೊಂದನ್ನು ಅವರಿಗೆ ತೋರಿಸಿದ್ದೇವೆಯೆ?

ಹೊರಡುವ ಹಿಂದಿನ ರಾತ್ರಿ ಮಕ್ಕಳು ಮಲಗಿದ ಮೇಲೆ ಅಣ್ಣ ಹೇಳಿದ: “ಆಪರೇಷನ್ ಹೊತ್ತಿಗೆ ನೀನು ಬರ್ತಿ ಅಂತ ನಿನ್ನ ಅತ್ತಿಗೆ ಎರಡು ದಿನ ಹಾಸಿಗೆ ಹಾಕಿಯೇ ಇಟ್ಟಿದ್ದಳು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಆಸ್ತಿಯ ವ್ಯಾಜ್ಯದಲ್ಲಿ ಮುಖ ಮುರಿದುಕೊಂಡವರ ಮಾತು ಬೇರೆ. ಅವರ ನೋವಿನ ಮೇಲೆ ತೀರ್ಪು ಕೊಡಲಾರೆ. ಜಗಳವೇ ಇಲ್ಲದೆ, ಬರಿಯ ಸೋಮಾರಿತನದಿಂದ ಒಡಹುಟ್ಟಿದವರನ್ನು ಕಳೆದುಕೊಳ್ಳುತ್ತಿರುವ ನನ್ನಂಥವರಿಗೆ ಈ ಮಾತು.

ಬಿ.ಎಸ್ಸಿ. ಓದಿದವನಿಗೆ ಲೆಕ್ಕ ಹಾಕುವ ಚಾಳಿ. ಮಗುವಿಗೆ ಹದಿನೆಂಟು ತುಂಬುವುದರೊಳಗೆ ನಾಲ್ಕು ವರ್ಷಗಳ ಬ್ಲಾಕುಗಳು ನಾಲ್ಕೂವರೆ ಬರುತ್ತವೆ, ಅಷ್ಟೆ. ಅದರಲ್ಲಿ ಮಗು ಕೈಗೂಸಾಗಿರುವ ಒಂದನ್ನೂ ಹತ್ತು ಹನ್ನೆರಡನೆಯ ತರಗತಿಯ ಪರೀಕ್ಷೆಗಳು ನುಂಗುವ ಒಂದನ್ನೂ ಕಳೆಯಿರಿ. ಉಳಿದದ್ದು ಎರಡೋ ಎರಡೂವರೆಯೋ. ನಾನು ಒಂದನ್ನು ಹಿಮಕ್ಕೆ ಕೊಟ್ಟೆ.

2026–29ರ ಬ್ಲಾಕಿನ ಅರ್ಜಿ ತುಂಬುವಾಗ ‘ಹೋಗುವ ಸ್ಥಳ’ ಎಂಬ ಕಾಲಮಿನ ಮುಂದೆ ಒಂದು ಕ್ಷಣ ಪೆನ್ನು ನಿಲ್ಲಿಸಿ. ಅಣ್ಣನದೋ ತಂಗಿಯದೋ ಊರನ್ನು ಬರೆಯಿರಿ. ರೈಲ್ವೆ ರಿಸರ್ವೇಷನ್ ಈಗ ತೆರೆಯುವುದು 60 ದಿನ ಮುಂಚೆ. ಅಂಡಮಾನಿನ ಸಮುದ್ರ ಎಲ್ಲಿಗೂ ಹೋಗುವುದಿಲ್ಲ. ಮಕ್ಕಳ ಬಾಲ್ಯ ಹೋಗುತ್ತದೆ.