ಆ ಹಡಗು ಯಾವ ಹಡಗು?

ಟೈಟಾನಿಕ್ ಹಡಗಿನ ಅಸಲಿ ಚಿತ್ರ ಎಂಬ ಒಕ್ಕಣೆಯೊಂದಿಗೆ ಹಳೆಯ ತುಣುಕೊಂದು ಆಗಾಗ ಮೊಬೈಲಿಗೆ ಬರುತ್ತದೆ. ನನ್ನಿವಾಳದಲ್ಲಿ ಚಳ್ಳಕೆರೆ ಬಸ್ಸಿಗೆ ಕಾಯುತ್ತ ಕೂತವರೂ ಅದನ್ನು ನೋಡಿರಬಹುದು. ಗಡ್ಡ ಬಿಟ್ಟ ಕ್ಯಾಪ್ಟನ್ ಸ್ಮಿತ್ ಹಡಗಿನ ಮೇಲ್ಗಡೆ ಅತ್ತಿಂದಿತ್ತ ಓಡಾಡುತ್ತಾರೆ. ಕ್ಯಾಪ್ಟನ್ ಅವರೇ ಹೌದು, ಹಡಗು ಮಾತ್ರ ಟೈಟಾನಿಕ್ ಅಲ್ಲ. ಅದು ಟೈಟಾನಿಕ್‌ನಂತೆಯೇ ಕಾಣುತ್ತಿದ್ದ ಒಲಿಂಪಿಕ್. ಚಿತ್ರ ತೆಗೆದದ್ದು 1911ರಲ್ಲಿ, ನ್ಯೂಯಾರ್ಕ್‌ನಲ್ಲಿ. 1912ರ ಏಪ್ರಿಲ್ 15ರಂದು ಟೈಟಾನಿಕ್ ಮುಳುಗಿದಾಗ ಸುದ್ದಿಚಿತ್ರದವರ ಕೈಯಲ್ಲಿ ಅದರ ದೃಶ್ಯ ಇದ್ದದ್ದು ತೀರಾ ಕಡಿಮೆ. ಹಾಗಾಗಿ ಒಲಿಂಪಿಕ್‌ನ ರೀಲನ್ನೇ ಟೈಟಾನಿಕ್ ಎಂದು ತೋರಿಸಿದರು. ಪಕ್ಕದಲ್ಲಿದ್ದ ಎಳೆದೋಣಿಗಳ ಮೇಲಿನ ಹೆಸರು ಓದಿದರೆ ನ್ಯೂಯಾರ್ಕ್ ಎಂದು ಗೊತ್ತಾಗಿಬಿಡುತ್ತದಲ್ಲ, ಅದಕ್ಕೆ ಫಿಲ್ಮಿನ ಮೇಲೆ ಆ ಹೆಸರುಗಳನ್ನೇ ಕೆರೆದು ಅಳಿಸಿದರು. ತುಣುಕನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಹೆಸರು ಇರಬೇಕಾದ ಜಾಗದಲ್ಲಿ ಗೀರುಗಳು ಕುಣಿಯುವುದು ಈಗಲೂ ಕಾಣುತ್ತದೆ.

ಹಳೆಯ ಹಡಗಿನ ಚಿತ್ರಗಳು ಈಗ ಯಾರ ಕೈಗೆ ಬೇಕಾದರೂ ಸಿಗುತ್ತವೆ. ಬ್ರಿಟಿಷ್ ಪಾಥೆ ಸಂಸ್ಥೆ 2014ರಲ್ಲಿ ತನ್ನ ಸುಮಾರು 85,000 ಸುದ್ದಿಚಿತ್ರಗಳನ್ನು ಯೂಟ್ಯೂಬಿಗೆ ಹಾಕಿತು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2017ರಲ್ಲಿ ಭಾರತದಲ್ಲಿ ತೆಗೆದ ಹಳೆಯ ಚಿತ್ರಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿತು. ಅದರಲ್ಲಿ 1899ರದ್ದೊಂದಿದೆ, ದೋಣಿಯಲ್ಲಿ ಕ್ಯಾಮೆರಾ ಇಟ್ಟು ನದಿಯ ದಡವನ್ನು ಸೆರೆಹಿಡಿದದ್ದು. ಭಾರತದಲ್ಲಿ ತೆಗೆದು ಇವತ್ತಿಗೂ ಉಳಿದಿರುವ ಚಲನಚಿತ್ರಗಳಲ್ಲಿ ಅದೇ ಅತ್ಯಂತ ಹಳೆಯದು ಎನ್ನುತ್ತಾರೆ. ಹೆಸರಿನಲ್ಲಿ ಕಲ್ಕತ್ತಾ ಎಂದಿದೆ, ತೆರೆಯ ಮೇಲೆ ಕಾಣುವುದು ಕಾಶಿಯ ಘಾಟುಗಳು. ಮೋಸ ಮಾಡಬೇಕೆಂದೇ ಹೀಗಾಗಿರಬೇಕಿಲ್ಲ. ಲಂಡನ್ನಿನಲ್ಲಿ ಪಟ್ಟಿ ಬರೆಯುವವನಿಗೆ ಎರಡೂ ಊರು ಒಂದೇ ಆಗಿದ್ದಿರಬಹುದು. ಆದರೆ ಕಾಶಿಗೆ ಹೋಗಿಬಂದ ನಮ್ಮೂರಿನ ಅಜ್ಜಿ ಆ ಮೆಟ್ಟಿಲುಗಳನ್ನು ನೋಡಿದ ಕೂಡಲೇ ಗುರುತು ಹಿಡಿದುಬಿಡುತ್ತಿದ್ದಳು. ದಾಖಲೆಯನ್ನು ಪರೀಕ್ಷಿಸಲು ಪಂಡಿತರೇ ಬೇಕೆಂದಿಲ್ಲ.

ಈ ಚಿತ್ರಗಳಲ್ಲಿ ಜನ ಯಾಕೆ ಗಡಿಬಿಡಿಯಿಂದ ಓಡಾಡುತ್ತಾರೆ ಎಂದು ಬಹಳ ಜನ ಕೇಳುತ್ತಾರೆ. ಆ ಕಾಲದ ಕ್ಯಾಮೆರಾವನ್ನು ಕೈಯಿಂದ ಹಿಡಿಕೆ ತಿರುಗಿಸಿ ನಡೆಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಚಿತ್ರ ಮೂಡುತ್ತಿದ್ದವು. ಮಾತಿನ ಸಿನಿಮಾ ಬಂದ ಮೇಲೆ ಸೆಕೆಂಡಿಗೆ 24 ಎಂಬುದು ಖಾಯಂ ಆಯಿತು. ಒಂದು ನಿಮಿಷ ತೆಗೆದ ಹಳೆಯ ಚಿತ್ರದಲ್ಲಿ 960 ಫ್ರೇಮ್ ಇರುತ್ತವೆ, ಅದನ್ನು 24ರ ಲೆಕ್ಕದಲ್ಲಿ ಓಡಿಸಿದರೆ 40 ಸೆಕೆಂಡಿಗೇ ಮುಗಿದುಹೋಗುತ್ತದೆ. ಹಗ್ಗ ಎಳೆಯುವ ಖಲಾಸಿ ಕೋಡಂಗಿಯ ಹಾಗೆ ಕಾಣುವುದು ಇದರಿಂದ. ಅವನು ಎಳೆದದ್ದು ನಿಧಾನವಾಗಿಯೇ, ಮೈಯ ಭಾರವನ್ನೆಲ್ಲ ಹಾಕಿ. ವೇಗ ಸರಿಪಡಿಸಿದ ಪ್ರತಿ ಸಿಕ್ಕರೆ ಅದನ್ನೇ ನೋಡಬೇಕು, ಆಗ ಆ ದುಡಿಮೆಯ ತೂಕ ಗೊತ್ತಾಗುತ್ತದೆ.

ಬಣ್ಣದ ವಿಚಾರವೂ ಹೀಗೆಯೇ. ಆಗಿನ ಫಿಲ್ಮಿಗೆ ನೀಲಿ ಬಣ್ಣ ಬೇಗ ಅಂಟುತ್ತಿತ್ತು, ಕೆಂಪು ಅಂಟುತ್ತಲೇ ಇರಲಿಲ್ಲ. ಆಕಾಶ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ, ಕೆಂಪು ಬಣ್ಣದ್ದೆಲ್ಲ ಕಪ್ಪಾಗುತ್ತದೆ. ಇಂಥ ಚಿತ್ರಕ್ಕೆ ಈಗ ಕಂಪ್ಯೂಟರ್ ಬಳಿಯುವ ಬಣ್ಣ ಅಂದಾಜಿನದು. ಹಡಗಿನ ಬಾವುಟ ಯಾವ ಬಣ್ಣದ್ದು ಎಂಬುದಕ್ಕೆ ಬಣ್ಣ ಹಚ್ಚಿದ ತುಣುಕು ಸಾಕ್ಷಿಯಾಗಲಾರದು.

ಇದಕ್ಕಿಂತ ದೊಡ್ಡ ಕೊರತೆ ಬೆಳಕಿನದು. ಬಿಸಿಲು ಬೀಳುವ ಮೇಲ್ಗಡೆಯಲ್ಲಿ ಮಾತ್ರ ಚೆನ್ನಾಗಿ ಚಿತ್ರ ತೆಗೆಯಬಹುದಿತ್ತು. ಆದ್ದರಿಂದಲೇ ಹಡಗು ಬಂದರಿಗೆ ಬರುವುದು, ಗಣ್ಯರು ಇಳಿಯುವುದು, ಟೋಪಿ ಬೀಸುವುದು ಬೇಕಾದಷ್ಟು ಸಿಗುತ್ತದೆ. ಕೇಂಬ್ರಿಜ್‌ನಲ್ಲಿ ಹೆಸರು ಮಾಡಿ 1901ರಲ್ಲಿ ಮುಂಬೈಗೆ ಮರಳಿದ ರ‍್ಯಾಂಗ್ಲರ್ ಪರಾಂಜಪೆಯವರ ಸ್ವಾಗತವನ್ನು ಸಾವೆ ದಾದಾ ಎಂದೇ ಪ್ರಸಿದ್ಧರಾದ ಭಾಟವಡೇಕರ್ ಚಿತ್ರೀಕರಿಸಿದರು, ಭಾರತದ ಮೊದಲ ಸುದ್ದಿಚಿತ್ರ ಎಂದು ಅದನ್ನು ಹೆಸರಿಸುತ್ತಾರೆ. ಆದರೆ ಹಡಗಿನ ಹೊಟ್ಟೆಯೊಳಗೆ, ಬಾಯ್ಲರ್ ಮುಂದೆ ನಿಂತು ಕಲ್ಲಿದ್ದಲು ತುಂಬುತ್ತಿದ್ದವರನ್ನು ನೋಡಬೇಕೆಂದರೆ ಬಹಳ ಹುಡುಕಬೇಕು. ಟೈಟಾನಿಕ್‌ನಂಥ ಹಡಗು ದಿನಕ್ಕೆ ಸುಮಾರು 600 ಟನ್ ಕಲ್ಲಿದ್ದಲು ಸುಡುತ್ತಿತ್ತು. ಅಷ್ಟನ್ನೂ ಸಲಿಕೆಯಿಂದ ಮೊಗೆದು ಹಾಕಬೇಕಿತ್ತು. 1914ರ ಹೊತ್ತಿಗೆ ಬ್ರಿಟಿಷ್ ಹಡಗುಗಳಲ್ಲಿ ಲಸ್ಕರ್ ಎಂದು ಕರೆಸಿಕೊಳ್ಳುತ್ತಿದ್ದ ನಾವಿಕರು ಸುಮಾರು 50 ಸಾವಿರ, ಹೆಚ್ಚಿನವರು ನಮ್ಮ ಉಪಖಂಡದವರು. ಸಿಲ್ಹೆಟ್‌ನವರು, ಪಂಜಾಬಿನವರು ಬೆಂಕಿಯ ಮುಂದೆ ದುಡಿದರೆ, ಗೋವಾದವರು ಅಡುಗೆ ಮತ್ತು ಬಡಿಸುವ ಕೆಲಸದಲ್ಲಿದ್ದರು. ಚಿತ್ರಗಳಲ್ಲಿ ಇವರು ಅಂಚಿನಲ್ಲಿ ಹಾದುಹೋಗುತ್ತಾರೆ, ಹೆಸರಿಲ್ಲದೆ. ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಇದು.

ಅಪಾಯದ ಗಳಿಗೆಯಲ್ಲಂತೂ ಕ್ಯಾಮೆರಾ ಇರುವುದೇ ಅಪರೂಪ. ಅಂಟಾರ್ಕ್ಟಿಕಾಕ್ಕೆ ಹೊರಟ ಶ್ಯಾಕಲ್ಟನ್‌ನ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಮಂಜುಗಡ್ಡೆಗೆ ಸಿಕ್ಕು ನುಜ್ಜುಗುಜ್ಜಾಯಿತು. ಛಾಯಾಗ್ರಾಹಕ ಫ್ರಾಂಕ್ ಹರ್ಲೆ ಹಿಮದ ನೀರಿಗೆ ಇಳಿದು, ಮುಳುಗುತ್ತಿದ್ದ ಹಡಗಿನಿಂದ ತನ್ನ ಚಿತ್ರಗಳಿದ್ದ ಡಬ್ಬಿಗಳನ್ನು ಹೊರತಂದ. ಭಾರ ಹೊರಲಾರದೆ, ಚಿತ್ರ ಮೂಡಿದ ಸುಮಾರು 400 ಗಾಜಿನ ಫಲಕಗಳನ್ನು ತಾನೇ ಒಡೆದುಹಾಕಬೇಕಾಯಿತು, ಸಿನಿಮಾ ಕ್ಯಾಮೆರಾವನ್ನೂ ಬಿಟ್ಟುಬರಬೇಕಾಯಿತು. ಆಮೇಲೆ ಆರು ಜನ ಒಂದು ಪುಟ್ಟ ದೋಣಿಯಲ್ಲಿ ಸುಮಾರು 1,300 ಕಿಲೋಮೀಟರ್ ಕಡಲು ದಾಟಿ ಉಳಿದವರ ಪ್ರಾಣ ಉಳಿಸಿದರಲ್ಲ, ಆ ಪಯಣದ ಒಂದು ಅಡಿ ಫಿಲ್ಮೂ ಇಲ್ಲ. 1919ರಲ್ಲಿ ತೆರೆಗೆ ಬಂದ ‘ಸೌತ್’ ಚಿತ್ರದ ಕೊನೆಯನ್ನು ಹರ್ಲೆ ಮತ್ತೆ ಆ ಕಡೆಗೆ ಹೋಗಿ ತೆಗೆದ ಪ್ರಾಣಿಪಕ್ಷಿಗಳ ದೃಶ್ಯಗಳಿಂದ ತುಂಬಿಸಿದ.

ಅಪವಾದ ಅಂದರೆ ಪೀಕಿಂಗ್. 1911ರಲ್ಲಿ ಹ್ಯಾಂಬರ್ಗ್‌ನಲ್ಲಿ ಕಟ್ಟಿದ, ನಾಲ್ಕು ಕಂಬಗಳ, ಎಂಜಿನ್ ಇಲ್ಲದ ಹಾಯಿಹಡಗು. 1929ರಲ್ಲಿ ಇರ್ವಿಂಗ್ ಜಾನ್ಸನ್ ಎಂಬ ಅಮೆರಿಕದ ಯುವಕ ಅದರಲ್ಲಿ ನಾವಿಕನಾಗಿ ಸೇರಿ, ಕ್ಯಾಮೆರಾವನ್ನೂ ಜೊತೆಗೊಯ್ದ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಿ ಬಿರುಗಾಳಿ ಹಿಡಿದಾಗ ಕ್ಯಾಮೆರಾ ಹಿಡಿದೇ ಕಂಬ ಏರಿದ. ಮೇಲಿನಿಂದ ನೋಡಿದರೆ ಹಡಗು ಒಂದು ಸಣ್ಣ ಹಲಗೆ. ಅಲೆ ಒಂದು ಪಕ್ಕದಿಂದ ಏರಿ ಮೇಲ್ಗಡೆಯನ್ನೆಲ್ಲ ಮುಚ್ಚಿ ಇನ್ನೊಂದು ಪಕ್ಕದಿಂದ ಇಳಿಯುತ್ತದೆ. ನೀರು ಇಳಿದ ಮೇಲೆ, ಹಗ್ಗ ಹಿಡಿದು ನಿಂತಿದ್ದವರು ಅಲ್ಲೇ ಇದ್ದಾರೋ ಇಲ್ಲವೋ ಎಂದು ನಾವು ಉಸಿರು ಬಿಗಿಹಿಡಿದು ಎಣಿಸುತ್ತೇವೆ. ತಾನೂ ಅದೇ ಕೆಲಸ ಮಾಡುತ್ತಿದ್ದವನು ತೆಗೆದದ್ದರಿಂದ ದೃಷ್ಟಿಯೇ ಬೇರೆ: ಪ್ರಯಾಣಿಕರ ಟೋಪಿಗಳಿಲ್ಲ, ಒದ್ದೆ ಹಾಯಿಯನ್ನು ಮಡಚುವ ಕೈಗಳಿವೆ. 1980ರಲ್ಲಿ ಜಾನ್ಸನ್ ತನ್ನದೇ ದನಿಯಲ್ಲಿ ಅದಕ್ಕೆ ವಿವರಣೆ ಕೊಟ್ಟ. ಹಡಗಿನ ಚಿತ್ರ ಒಂದನ್ನೇ ನೋಡುತ್ತೀರಿ ಎಂದಾದರೆ ಇದನ್ನು ನೋಡಿ.

ಪೀಕಿಂಗ್ ಕಟ್ಟಿದ್ದೇ ಚಿಲಿ ದೇಶದಿಂದ ನೈಟ್ರೇಟ್ ಉಪ್ಪನ್ನು ತರುವುದಕ್ಕೆ. ಹೊಲಕ್ಕೆ ಗೊಬ್ಬರ, ಯುದ್ಧಕ್ಕೆ ಸಿಡಿಮದ್ದು, ಎರಡಕ್ಕೂ ಅದು ಬೇಕಿತ್ತು. ಅದೇ ಉಪ್ಪಿನಿಂದ ತಯಾರಿಸುತ್ತಿದ್ದ ನೈಟ್ರಿಕ್ ಆಮ್ಲದಲ್ಲಿ ಹತ್ತಿಯನ್ನು ಸಂಸ್ಕರಿಸಿ ಅಂದಿನ ಸಿನಿಮಾ ಫಿಲ್ಮಿನ ಹಾಳೆಯನ್ನು ಮಾಡುತ್ತಿದ್ದರು. ಆ ಹಾಳೆಗೆ ಸಿಡಿಮದ್ದಿನ ಗುಣವಿತ್ತು. ಒಮ್ಮೆ ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ, ಏಕೆಂದರೆ ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಉರಿಯದಿದ್ದರೂ ಸೆಕೆಗೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂಥ ರೀಲುಗಳ ಉಗ್ರಾಣಕ್ಕೆ ಬೆಂಕಿ ಬಿದ್ದು ಅಪಾರ ನಷ್ಟವಾಯಿತು. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರತಿಯೂ ನಮಗೆ ಉಳಿದಿಲ್ಲ.

ಬಯಲುಸೀಮೆಯ ನಮಗೆ ಹಡಗಿನ ಗೊಡವೆ ಯಾಕೆ ಎಂದರೆ, ಚಳ್ಳಕೆರೆ, ಮೊಳಕಾಲ್ಮೂರಿನ ಹೊಲಗಳಲ್ಲಿ ಬೆಳೆಯುವ ಶೇಂಗಾ ಮೂಲತಃ ದಕ್ಷಿಣ ಅಮೆರಿಕದ್ದು, ಕಡಲು ದಾಟಿ ಬಂದದ್ದು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದ ಶೇಂಗಾ ಪೂರ್ವ ಕರಾವಳಿಯ ಬಂದರುಗಳಿಂದ ಫ್ರಾನ್ಸಿನ ಮಾರ್ಸೇಲ್ಸ್‌ಗೆ ಹಡಗುಗಟ್ಟಲೆ ಹೋಗುತ್ತಿತ್ತು, ಎಣ್ಣೆಗೆ ಮತ್ತು ಸಾಬೂನಿಗೆ. 1914ರಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಕುದುರೆಗಳ ಸಮೇತ ಹಡಗೇರಿ ಈಜಿಪ್ಟಿಗೆ ಹೋಯಿತು, 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿತು. ಆ ಬಂದರುಗಳ, ಆ ಸೇನಾ ಹಡಗುಗಳ ಚಿತ್ರ ಬಂದಾಗ ಮೂಟೆಯ ಕಟ್ಟು, ರುಮಾಲಿನ ಸುತ್ತು, ಕುದುರೆಯ ಜೀನು ನೋಡಿ ಇದು ಎಲ್ಲಿಯದು ಎಂದು ಹೇಳಬಲ್ಲ ಕಣ್ಣುಗಳು ನಮ್ಮ ಹಳ್ಳಿಗಳಲ್ಲೇ ಇವೆ.

ಟೂರಿಂಗ್ ಟಾಕೀಸ್ ನಡೆಸಿದವರ ಮನೆಗಳಲ್ಲಿ, ಹಳೆಯ ಅಧಿಕಾರಿಗಳ ಅಟ್ಟಗಳಲ್ಲಿ ಈಗಲೂ ರೀಲಿನ ಡಬ್ಬಿ ಇರಬಹುದು. ಅಂಥದ್ದು ಸಿಕ್ಕರೆ ಪ್ರೊಜೆಕ್ಟರಿಗೆ ಹಾಕಬೇಡಿ, ಸುತ್ತನ್ನು ಬಿಚ್ಚಬೇಡಿ. ವಿನೆಗರ್‌ನ ಹುಳಿ ವಾಸನೆ ಬಂದರೆ ಅದು ನಂತರದ ಕಾಲದ ಅಸಿಟೇಟ್ ಫಿಲ್ಮ್, ಕೊಳೆಯತೊಡಗಿದೆ ಎಂದು ಅರ್ಥ. 1950ರ ದಶಕಕ್ಕಿಂತ ಹಿಂದಿನ 35 ಎಂ.ಎಂ. ರೀಲಾದರೆ ಮೇಲೆ ಹೇಳಿದ, ಬೆಂಕಿ ಹಿಡಿಯುವ ನೈಟ್ರೇಟ್ ಫಿಲ್ಮ್ ಎಂದೇ ತಿಳಿದು, ಒಲೆ, ದೀಪ, ಬಿಸಿಲಿನಿಂದ ದೂರ, ಜನ ಮಲಗುವ ಮನೆಯ ಹೊರಗೆ, ತಂಪಾದ ಜಾಗದಲ್ಲಿ ಇಡಿ. ಡಬ್ಬಿಯ ಮೇಲೆ ಇರುವ ಬರಹವನ್ನು ಇದ್ದಂತೆಯೇ ಬರೆದುಕೊಂಡು, 1964ರಿಂದ ಪುಣೆಯಲ್ಲಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. ಆ ರೀಲಿನ ಬಗ್ಗೆ ಮನೆಯ ಹಿರಿಯರಿಗೆ ಏನು ನೆನಪಿದೆಯೋ ಅದನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.