ಪರಿಚಯದ ಮಾತು ಯಾರಿಗೆ ಸಲ್ಲಬೇಕು?

ಶಾಲೆಯ ವಾರ್ಷಿಕೋತ್ಸವ ಸಮೀಪಿಸಿದಂತೆ ಆಹ್ವಾನ ಪತ್ರಿಕೆಯ ಕರಡು ಕೈಯಿಂದ ಕೈಗೆ ಸಾಗುತ್ತದೆ. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿಗಳಲ್ಲಿ ಯಾರ ಹೆಸರು ಮೇಲೆ ಬರಬೇಕು, ಯಾರದು ಕೆಳಗೆ ಎಂಬ ಚರ್ಚೆ ದಿನಗಟ್ಟಲೆ ನಡೆಯುತ್ತದೆ. ಸನ್ಮಾನಿತರ ಹೆಸರೂ ನಿಶ್ಚಯವಾಗುತ್ತದೆ. ಆದರೆ ಆ ಸನ್ಮಾನಿತರನ್ನು ಸಭೆಗೆ ಪರಿಚಯಿಸುವವರು ಯಾರೆಂಬ ಪ್ರಶ್ನೆ ಕಡೆಯ ಗಳಿಗೆಯವರೆಗೂ ಹಾಗೆಯೇ ಉಳಿದು, ಆ ಹೊತ್ತಿಗೆ ಮೈಕು ಯಾರ ಕೈಯಲ್ಲಿರುವುದೋ ಅವರ ಪಾಲಿಗೆ ಬೀಳುತ್ತದೆ. ಪರಿಣಾಮವನ್ನು ರತ್ನಗಿರಿಯಿಂದ ರಾಯದುರ್ಗದವರೆಗೆ ಎಲ್ಲ ಸಭಿಕರೂ ಬಲ್ಲರು. ‘ಇವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ತಮಗೆಲ್ಲ ಗೊತ್ತೇ ಇದೆ’ ಎಂಬ ಒಂದು ವಾಕ್ಯ, ಒಂದು ಶಾಲು, ಒಂದು ಹಾರ, ಒಂದು ಸುತ್ತು ಚಪ್ಪಾಳೆ. ಮೂವತ್ತು ವರ್ಷ ಅಕ್ಷರ ಕಲಿಸಿದ ಮೇಷ್ಟ್ರು ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತಾರೆ.

ಈ ಪ್ರಶ್ನೆ ಸಣ್ಣದೆಂದು ತೋರಬಹುದು. ಲೋಕದ ಅತ್ಯಂತ ಗದ್ದಲದ ಕಲೆಯೊಂದನ್ನು ನಡೆಸುವವರು ಇದನ್ನು ಸಣ್ಣದೆಂದು ಎಣಿಸಿಲ್ಲ. ಗಿಟಾರು, ಡ್ರಮ್ಮುಗಳ ಅಬ್ಬರದಿಂದ ಕೂಡಿದ ರಾಕ್ ಸಂಗೀತದ ಸಾಧಕರನ್ನು ಗೌರವಿಸಲು ಅಮೆರಿಕದಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಎಂಬ ಸಂಸ್ಥೆ 1983ರಲ್ಲಿ ಸ್ಥಾಪನೆಯಾಯಿತು. ಮೊದಲ ಗೌರವ ಸಮಾರಂಭ 1986ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಜರುಗಿತು. ಅಲ್ಲಿಯ ಪದ್ಧತಿಯೊಂದು ಗಮನಾರ್ಹ. ಗೌರವ ಪಡೆಯುವ ಗಾಯಕನನ್ನಾಗಲಿ ತಂಡವನ್ನಾಗಲಿ ಸಭೆಗೆ ಪರಿಚಯಿಸುವ ಕೆಲಸ ಸಾಮಾನ್ಯವಾಗಿ ಮತ್ತೊಬ್ಬ ಕಲಾವಿದನಿಗೆ ಸಲ್ಲುತ್ತದೆ. ಆ ವರ್ಷ ಯಾವ ತಂಡಕ್ಕೆ ಗೌರವ ಎಂಬುದರ ಜೊತೆಗೆ, ಅವರನ್ನು ಪರಿಚಯಿಸುವವರು ಯಾರು ಎಂಬುದಕ್ಕೂ ಅಭಿಮಾನಿಗಳು ಕುತೂಹಲದಿಂದ ಕಾಯುತ್ತಾರೆ.

ಆ ಆಯ್ಕೆಗಳ ಹಿಂದಿನ ವಿವೇಕವನ್ನು ಕೆಲವು ನಿದರ್ಶನಗಳಲ್ಲಿ ಕಾಣಬಹುದು. 1986ರಲ್ಲಿ ಚಕ್ ಬೆರಿಯನ್ನು ಪರಿಚಯಿಸಿದವನು ‘ರೋಲಿಂಗ್ ಸ್ಟೋನ್ಸ್’ ತಂಡದ ಗಿಟಾರು ವಾದಕ ಕೀತ್ ರಿಚರ್ಡ್ಸ್. ಆ ಹಿರಿಯನು ನುಡಿಸಿದ್ದನ್ನೆಲ್ಲ ತಾನು ಕದ್ದುಕೊಂಡವನೆಂದು ಅವನು ತುಂಬಿದ ಸಭೆಯಲ್ಲಿ ನಗುತ್ತ ಹೇಳಿದನು. 1988ರಲ್ಲಿ ‘ಬೀಟಲ್ಸ್’ ತಂಡವನ್ನು ಪರಿಚಯಿಸಿದವನು ಅದೇ ರೋಲಿಂಗ್ ಸ್ಟೋನ್ಸ್ ತಂಡದ ಗಾಯಕ ಮಿಕ್ ಜ್ಯಾಗರ್. 1960ರ ದಶಕದಲ್ಲಿ ಈ ಎರಡು ತಂಡಗಳನ್ನು ಜಗತ್ತು ಪ್ರತಿಸ್ಪರ್ಧಿಗಳೆಂದೇ ನೋಡಿತ್ತು. ಆದರೆ 1963ರಲ್ಲಿ, ಜ್ಯಾಗರನ ತಂಡ ಇನ್ನೂ ಹೆಸರು ಮಾಡದಿದ್ದಾಗ, ಅವರಿಗೊಂದು ಹಾಡು ಬರೆದುಕೊಟ್ಟವರು ಬೀಟಲ್ಸ್ ತಂಡದ ಲೆನನ್ ಮತ್ತು ಮೆಕಾರ್ಟ್ನಿ. 1999ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನನನ್ನು ಐರ್ಲೆಂಡಿನ ‘ಯು ಟೂ’ ತಂಡದ ಬೋನೊ ಪರಿಚಯಿಸಿದನು. 2005ರಲ್ಲಿ ಆ ಯು ಟೂ ತಂಡಕ್ಕೇ ಗೌರವ ಸಂದಾಗ ಪರಿಚಯದ ಮಾತಾಡಲು ಎದ್ದುನಿಂತವನು ಸ್ಪ್ರಿಂಗ್‌ಸ್ಟೀನ್.

ಇಲ್ಲೆಲ್ಲ ಪರಿಚಯಿಸಿದವರು ದೊಡ್ಡ ಹೆಸರಿನವರು ಎಂಬುದು ನಿಜ. ಆದರೆ ಅವರಿಗೆ ಆ ಮಾತಿನ ಅರ್ಹತೆ ಬಂದದ್ದು ಹೆಸರಿನಿಂದಲ್ಲ, ಋಣದಿಂದ. ಒಬ್ಬನು ಕಲಿತವನು, ಒಬ್ಬನು ಸಹಾಯ ಪಡೆದವನು, ಒಬ್ಬನು ಜೊತೆಯಲ್ಲಿ ಅದೇ ದಾರಿ ತುಳಿದವನು. ನಿನ್ನಿಂದ ನನಗೆ ದೊರೆತದ್ದು ಇದು ಎಂದು ಹೇಳಬಲ್ಲವನ ಮಾತಿಗೆ ಇರುವ ತೂಕ, ಸಾಧನೆಗಳ ಪಟ್ಟಿಯನ್ನು ಓದುವವನ ಮಾತಿಗೆ ಇರಲಾರದು.

ಇಂಥ ವಿವೇಕಕ್ಕಾಗಿ ನ್ಯೂಯಾರ್ಕಿನವರೆಗೆ ಹೋಗಬೇಕಾಗಿಯೂ ಇಲ್ಲ. ಮದರಾಸಿನ ಮ್ಯೂಸಿಕ್ ಅಕಾಡೆಮಿ 1942ರಲ್ಲಿ ಆರಂಭಿಸಿದ ‘ಸಂಗೀತ ಕಲಾನಿಧಿ’ ಬಿರುದು ಕರ್ನಾಟಕ ಸಂಗೀತದಲ್ಲಿ ಅತ್ಯಂತ ಗೌರವದ್ದು. ಆ ಬಿರುದಿಗೆ ಪಾತ್ರರಾಗುವ ವಿದ್ವಾಂಸರೇ ಆ ವರ್ಷದ ಸಂಗೀತ ಸಮ್ಮೇಳನದ ಅಧ್ಯಕ್ಷರು. ಸಮ್ಮೇಳನದ ಆರಂಭದಲ್ಲಿ ಅವರ ಹೆಸರನ್ನು ಒಬ್ಬ ಹಿರಿಯ ವಿದ್ವಾಂಸರು ಸೂಚಿಸುತ್ತಾರೆ, ಮತ್ತೊಬ್ಬರು ಅನುಮೋದಿಸುತ್ತಾರೆ. ಸೂಚಿಸುವವರೂ ಅನುಮೋದಿಸುವವರೂ ಅದೇ ವಿದ್ಯೆಯ ಒಳಗಿನವರು. ಉದ್ಘಾಟನೆಗೆ ಬಂದ ಗಣ್ಯರು ಉದ್ಘಾಟನೆ ಮಾಡುತ್ತಾರೆ. ವಿದ್ವತ್ತಿನ ಪರಿಚಯ ವಿದ್ವಾಂಸರ ಬಾಯಿಂದಲೇ ಬರುತ್ತದೆ.

1974ರಲ್ಲಿ ಈ ಬಿರುದು ಸಂದದ್ದು ಅನಂತಪುರ ಜಿಲ್ಲೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಜನಿಸಿದ ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರಿಗೆ. ಅವರ ಜೀವನವನ್ನು ನೋಡಿದರೆ ಪರಿಚಯದ ಕೆಲಸ ಎಷ್ಟು ಜವಾಬ್ದಾರಿಯದೆಂಬುದು ಮನವರಿಕೆಯಾಗುತ್ತದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಅವರು ದಶಕಗಳ ಕಾಲ ತೆಲುಗು ಬೋಧಿಸಿದರು. ಅಲ್ಲಿಯೇ ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಅಭ್ಯಾಸ ಮಾಡಿದರು. ತೆಲುಗಿನಲ್ಲಿ ಕಾವ್ಯವನ್ನೂ ವಿಮರ್ಶೆಯನ್ನೂ ಬರೆದರು. ಕನ್ನಡದಲ್ಲಿ ‘ಗಾನಕಲೆ’ಯನ್ನು ಬರೆದರು. ಅನಂತರ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಯಲ್ಲಿ ತೊಡಗಿ, ಅನೇಕ ಕೀರ್ತನೆಗಳಿಗೆ ರಾಗ ಸಂಯೋಜಿಸಿದರು. ಇಂಥವರನ್ನು ತೆಲುಗಿನ ಪಂಡಿತರು ಪರಿಚಯಿಸಿದರೆ ಒಂದು ಮುಖ, ಮೈಸೂರಿನ ಶಿಷ್ಯರು ಪರಿಚಯಿಸಿದರೆ ಮತ್ತೊಂದು ಮುಖ, ಗಾಯಕರು ಪರಿಚಯಿಸಿದರೆ ಮೂರನೆಯ ಮುಖ ಸಭೆಗೆ ಕಾಣುತ್ತದೆ. ಯಾರು ಮಾತಾಡುವರೆಂಬುದನ್ನು ಆರಿಸುವುದೆಂದರೆ, ಸನ್ಮಾನಿತರ ಯಾವ ಮುಖವನ್ನು ಊರು ನೆನಪಿನಲ್ಲಿ ಇಟ್ಟುಕೊಳ್ಳಬೇಕು ಎಂಬುದನ್ನು ಆರಿಸುವುದೇ ಆಗಿದೆ. ಒಬ್ಬರಿಗಿಂತ ಹೆಚ್ಚು ಮಂದಿ ಚಿಕ್ಕದಾಗಿ ಮಾತಾಡುವ ಸೂಚನೆ, ಅನುಮೋದನೆಗಳ ಪದ್ಧತಿಯಲ್ಲಿ ಇದಕ್ಕೊಂದು ಪರಿಹಾರವೂ ಇದೆ.

ಕನ್ನಡದ ವಿದ್ಯಾಪರಂಪರೆಯಲ್ಲಿ ಈ ಅಧಿಕಾರ ಬಹುಮಟ್ಟಿಗೆ ಶಿಷ್ಯರದು. 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಅವರ ಶಿಷ್ಯರೂ ಅಭಿಮಾನಿಗಳೂ ‘ಸಂಭಾವನೆ’ ಎಂಬ ಗ್ರಂಥವನ್ನು ಅರ್ಪಿಸಿದರು. ರಾಯದುರ್ಗಕ್ಕೆ ನೆರೆಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು ತಮ್ಮ ಬಗ್ಗೆ ತಾವು ಹೆಚ್ಚು ಹೇಳಿಕೊಂಡವರಲ್ಲ. 1939ರಲ್ಲಿ ಅವರು ತೀರಿಕೊಂಡ ಮೇಲೆ, ಶಿಷ್ಯರಾದ ಕುವೆಂಪು ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಆ ಗುರುವಿಗೆ ಅರ್ಪಿಸಿದರು. ಮಹಾಕಾವ್ಯವನ್ನು ತೆರೆದವರೆಲ್ಲ ಮೊದಲು ಆ ಗುರುವನ್ನು ಕಂಡೇ ಮುಂದೆ ಹೋಗಬೇಕು. ಒಬ್ಬ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಪರಿಚಯ ಭಾಷಣ ಬೇರೊಂದಿರಲಾರದು. ಅದನ್ನು ಆಡಿದವನು ಶಿಷ್ಯ.

ಪರಿಚಯಿಸುವವನ ಸ್ಥಾನ ಯಾವುದೆಂಬುದನ್ನು ಬಯಲಾಟವೂ ತೋರಿಸಿಕೊಡುತ್ತದೆ. ಮೂಡಲಪಾಯದ ಆಟದಲ್ಲಿ ರಾಜನ ವೇಷ ರಂಗಕ್ಕೆ ಬಂದೊಡನೆ ಸಾರಥಿ ಎದುರಾಗುತ್ತಾನೆ. ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಅವನ ಪ್ರಶ್ನೆಯಿಂದಲೇ ವೇಷದ ಪರಿಚಯ ಸಭೆಗೆ ಆಗುತ್ತದೆ. ಸಾರಥಿಯ ತಲೆಯ ಮೇಲೆ ಕಿರೀಟವಿಲ್ಲ, ರಥದಲ್ಲಿ ಆಸನವಿಲ್ಲ. ಆದರೂ ಅವನಿಲ್ಲದೆ ಆಟ ಮುಂದೆ ಸಾಗದು. ಸಾರಥಿಯೇ ಕಿರೀಟ ಧರಿಸಿ ತನ್ನ ಪ್ರತಾಪವನ್ನು ಹಾಡಲು ತೊಡಗಿದರೆ ರಾಜನ ವೇಷಕ್ಕೆ ರಂಗದಲ್ಲಿ ಕೆಲಸ ಉಳಿಯದು. ಸನ್ಮಾನ ಸಭೆಗಳಲ್ಲಿ ಎಷ್ಟೋ ವೇಳೆ ನಡೆಯುವುದು ಇದೇ. ಪರಿಚಯಿಸಲು ಬಂದವರು ತಮ್ಮ ಸೇವೆ, ತಮ್ಮ ಪಕ್ಷ, ತಮ್ಮ ಹೋರಾಟಗಳನ್ನು ಹೇಳಿ ಮುಗಿಸುವ ಹೊತ್ತಿಗೆ ಸನ್ಮಾನಿತರು ಕುರ್ಚಿಯಲ್ಲಿ ಬೆವರು ಒರೆಸಿಕೊಳ್ಳುತ್ತಿರುತ್ತಾರೆ.

ಇನ್ನು ಪರಿಚಯದಲ್ಲಿ ಏನನ್ನು ಹೇಳಬೇಕು? ಇದಕ್ಕೂ ಮಡಕಶಿರಾ ಸೀಮೆಯ ನೆಲದಲ್ಲಿಯೇ ಉತ್ತರವಿದೆ. ಇಂದಿನ ಹೇಮಾವತಿ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅರಸರ ಹಳೆಯ ಕನ್ನಡ ಶಾಸನಗಳು ಸಾಮಾನ್ಯವಾಗಿ ಬಿರುದುಗಳ ಸರಮಾಲೆಯಿಂದ ಆರಂಭವಾಗುತ್ತವೆ. ಒಬ್ಬ ಅರಸನ ಬಿರುದುಗಳನ್ನು ತೆಗೆದು ಇನ್ನೊಬ್ಬನಿಗೆ ತೊಡಿಸಿದರೂ ಬಹಳ ವ್ಯತ್ಯಾಸ ತೋರದು. ವೀರಗಲ್ಲಿನ ಬರಹ ಹಾಗಲ್ಲ. ಇಂಥ ಊರಿನ ಇಂಥವನು ತುರುಗಳನ್ನು ಮರಳಿಸಲು ಹೋಗಿ ಕಾದಿ ಮಡಿದನು ಎಂದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಆ ನಾಲ್ಕು ಸಾಲು ಇನ್ನೊಬ್ಬರಿಗೆ ಹೊಂದದು. ಪರಿಚಯ ಭಾಷಣವೂ ವೀರಗಲ್ಲಿನ ಜಾತಿಗೆ ಸೇರಬೇಕು. ‘ಸರಳ ಸಜ್ಜನರು, ಸದಾ ಹಸನ್ಮುಖಿಗಳು, ಬಹುಮುಖ ಪ್ರತಿಭೆಯವರು’ ಎಂಬ ಮಾತು ಯಾರಿಗೂ ಸಲ್ಲುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದ ದಿನ ಮಕ್ಕಳ ಕೈಹಿಡಿದು ದಾಟಿಸಿದವರು, ಹತ್ತನೆಯ ತರಗತಿಯ ಪರೀಕ್ಷೆಗೆ ಮುನ್ನ ಸಂಜೆ ಕನ್ನಡ ವ್ಯಾಕರಣ ಹೇಳಿಕೊಟ್ಟವರು ಎಂಬ ಮಾತು ಒಬ್ಬರಿಗೇ ಸಲ್ಲುತ್ತದೆ. ಅಂಥ ಮಾತನ್ನು ಆಡಬಲ್ಲವರು, ಆ ಕೈಯನ್ನು ಹಿಡಿದವರು ಮಾತ್ರ.

ಇದಕ್ಕೆ ಎರಡು ಆಕ್ಷೇಪಗಳು ಸಹಜವಾಗಿ ಏಳುತ್ತವೆ. ಗಡಿಭಾಗದ ಶಾಲೆಗೆ ಕೊಠಡಿ ಬೇಕು, ಅಧ್ಯಾಪಕರ ನೇಮಕವಾಗಬೇಕು, ಕನ್ನಡ ಪಠ್ಯಪುಸ್ತಕಗಳು ಸಕಾಲಕ್ಕೆ ಬರಬೇಕು. ಇವುಗಳಿಗಾಗಿ ಮನವಿ ಸಲ್ಲಿಸಬೇಕಾದವರೇ ವೇದಿಕೆಯ ಮೇಲೆ ಕುಳಿತಿರುವಾಗ, ಅವರನ್ನು ಬಿಟ್ಟು ಹಳೆಯ ವಿದ್ಯಾರ್ಥಿಗೆ ಮೈಕು ಕೊಟ್ಟರೆ ಅಸಮಾಧಾನವಾಗದೇ ಎಂಬುದು ಮೊದಲನೆಯದು. ಈ ಆತಂಕವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಸನ್ಮಾನದಲ್ಲಿ ಕೆಲಸಗಳು ಹಲವು. ಶಾಲು ಹೊದಿಸುವುದು, ಫಲತಾಂಬೂಲ ನೀಡುವುದು, ಸ್ಮರಣಿಕೆ ಕೊಡುವುದು, ಅಧ್ಯಕ್ಷ ಭಾಷಣ ಮಾಡುವುದು ಇವೆಲ್ಲ ಗಣ್ಯರಿಗೆ ಸಲ್ಲಲಿ. ಛಾಯಾಚಿತ್ರದಲ್ಲಿ ಅವರೇ ಇರಲಿ. ಸನ್ಮಾನಿತರನ್ನು ಕಂಡರಿಯದ ಗಣ್ಯರಿಗೆ, ಪರಿಚಯದ ಹೊರೆ ತಪ್ಪಿದರೆ ಸಂತೋಷವೇ ಆಗುವುದುಂಟು.

ಎರಡನೆಯ ಆಕ್ಷೇಪ ಭಾಷೆಯದು. ಸಭೆಯಲ್ಲಿ ತೆಲುಗರಿದ್ದಾರೆ, ಅಧಿಕಾರಿಗಳಿಗೆ ಕನ್ನಡ ಬಾರದು, ಆದ್ದರಿಂದ ತೆಲುಗಿನಲ್ಲಿಯೇ ಮುಗಿಸೋಣ ಎಂಬುದು. ಇದೇ ನಿಜವಾದ ಗಂಡಾಂತರದ ಸ್ಥಳ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು; ಮಡಕಶಿರಾ ಅದಕ್ಕೂ ಮೊದಲೇ ಆ ಜಿಲ್ಲೆಯಲ್ಲಿತ್ತು. ಅಂದಿನಿಂದ ಕಚೇರಿಯ ಭಾಷೆ, ಬಸ್ಸಿನ ಫಲಕದ ಭಾಷೆ, ಅರ್ಜಿಯ ಭಾಷೆ ತೆಲುಗು. ಮನೆಯಲ್ಲಿ ಮಾತಾಡುವ ಕನ್ನಡ ಸಾರ್ವಜನಿಕವಾಗಿ ತಲೆಯೆತ್ತಿ ನಿಲ್ಲುವ ಕೆಲವೇ ಜಾಗಗಳಲ್ಲಿ ಶಾಲೆಯ ವೇದಿಕೆ ಒಂದು. ಆ ವೇದಿಕೆಯಲ್ಲಿ ಸ್ವಾಗತಗೀತೆ ಮಾತ್ರ ಕನ್ನಡದಲ್ಲಿದ್ದು, ಗೌರವದ ಮಾತೆಲ್ಲ ಬೇರೆ ಭಾಷೆಯಲ್ಲಿ ನಡೆದರೆ, ಕೆಳಗೆ ಜಮಖಾನೆಯ ಮೇಲೆ ಕುಳಿತ ಮಗು ಕಲಿಯುವ ಪಾಠ ಯಾವುದು? ಕನ್ನಡ ಹಾಡುವುದಕ್ಕೆ ಸರಿ, ದೊಡ್ಡವರ ವಿಷಯ ಹೇಳುವುದಕ್ಕೆ ಸಾಲದು ಎಂಬ ಪಾಠ. ಹಾಗಾಗದಂತೆ, ಪರಿಚಯ ಕನ್ನಡದಲ್ಲಿ ನಡೆದು, ಕೊನೆಗೆ ತೆಲುಗಿನಲ್ಲಿ ಎರಡು ಮಾತಿನ ಸಾರಾಂಶ ಬಂದರೆ ಅತಿಥಿಗಳಿಗೂ ಗೌರವ, ಭಾಷೆಗೂ ಗೌರವ. ಎರಡು ಭಾಷೆಗಳ ನಡುವೆ ಜಗಳ ಬೇಕಿಲ್ಲವೆಂಬುದಕ್ಕೆ, ತೆಲುಗು ಬೋಧಿಸುತ್ತಲೇ ಕನ್ನಡದಲ್ಲಿ ಗ್ರಂಥ ಬರೆದ ಅನಂತಕೃಷ್ಣ ಶರ್ಮರಿಗಿಂತ ಬೇರೆ ಸಾಕ್ಷಿ ಏಕೆ?

ಆದ್ದರಿಂದ ಸನ್ಮಾನಿತರ ಹೆಸರು ನಿಶ್ಚಯವಾದ ದಿನವೇ ಶಾಲಾ ಸಮಿತಿಯವರೂ ಪಾಲಕರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಚಿತ. ಇವರಿಂದ ಏನನ್ನಾದರೂ ಪಡೆದವರು ಯಾರು? ಅದನ್ನು ಒಂದು ನಿದರ್ಶನದ ಸಹಿತ ಹೇಳಬಲ್ಲವರು ಯಾರು? ಹೇಳಿ ಮುಗಿಸಿ ಕೆಳಗಿಳಿಯಬಲ್ಲವರು ಯಾರು? ಉತ್ತರವಾಗಿ ದೊರೆಯುವ ವ್ಯಕ್ತಿ ಊರಿನ ಅಂಗಡಿಯವರಾಗಿರಬಹುದು, ಬೆಂಗಳೂರಿನಿಂದ ರಜೆಗೆ ಬಂದ ಹಳೆಯ ವಿದ್ಯಾರ್ಥಿನಿಯಾಗಿರಬಹುದು, ಒಂಬತ್ತನೆಯ ತರಗತಿಯ ಹುಡುಗನೂ ಆಗಿರಬಹುದು. ಆರಿಸಿದವರಿಗೆ ಒಂದು ವಾರ ಮುಂಚಿತವಾಗಿ ತಿಳಿಸಬೇಕು. ಅವರು ಸನ್ಮಾನಿತರ ಮನೆಗೆ ಹೋಗಿ, ಹೆಸರು, ಊರು, ಇಸವಿಗಳನ್ನು ಕೇಳಿ ಬರೆದುಕೊಳ್ಳಬೇಕು. ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಬೇಕು. ಐದು ನಿಮಿಷ ಮೀರಬಾರದು.

ವಿದ್ಯಾರ್ಥಿಯನ್ನು ಆರಿಸಿದಾಗ ತಡವರಿಸಿಬಿಟ್ಟರೆ ಎಂಬ ಅಳುಕು ತಾಯಿತಂದೆಗಳಿಗೆ ಇರುತ್ತದೆ. ತಡವರಿಸಿದ ಮಾತನ್ನು ಸಭೆ ಕ್ಷಮಿಸುತ್ತದೆ, ಪೊಳ್ಳು ಮಾತನ್ನು ಮರೆಯುತ್ತದೆ. ಆ ಐದು ನಿಮಿಷಕ್ಕಾಗಿ ಮಗು ಒಬ್ಬ ಹಿರಿಯರ ಜೀವನವನ್ನು ಕೇಳಿ ತಿಳಿದಿರುತ್ತದೆ, ಕನ್ನಡದಲ್ಲಿ ಬರೆದಿರುತ್ತದೆ, ಹತ್ತು ಜನರೆದುರು ನಿಂತು ಹೇಳಿರುತ್ತದೆ. ಇಷ್ಟನ್ನು ಒಟ್ಟಿಗೆ ಕಲಿಸುವ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಹೊದಿಸಿದ ಶಾಲು ಪೆಟ್ಟಿಗೆ ಸೇರುತ್ತದೆ, ಹಾರ ಮರುದಿನ ಬಾಡುತ್ತದೆ. ತನ್ನಿಂದ ಓದು ಕಲಿತ ಬಾಯಿ ತನ್ನ ಹೆಸರನ್ನು ತಪ್ಪಿಲ್ಲದೆ ಹೇಳಿದ್ದು ಮಾತ್ರ ಮೇಷ್ಟ್ರ ಮನಸ್ಸಿನಲ್ಲಿ ಉಳಿಯುತ್ತದೆ.