ಒಂದು ದಿನದ ಹೈಫಾ, ನಾಲ್ಕು ವರ್ಷದ ಮರಳು

ದೆಹಲಿಗೆ ಬರುವ ನೆಂಟರನ್ನು ತೀನ್ ಮೂರ್ತಿ ವೃತ್ತಕ್ಕೆ ಕರೆದೊಯ್ಯುವುದು ನಿವೃತ್ತಿಯ ನಂತರ ನನಗೆ ಅಂಟಿದ ಚಟ. ಅಲ್ಲಿನ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ನಮ್ಮ ಮೈಸೂರು ಲ್ಯಾನ್ಸರ್ಸ್‌ನವನು ಎಂದರೆ ಬಂದವರಿಗೆಲ್ಲ ಆಶ್ಚರ್ಯ. ಉಳಿದಿಬ್ಬರು ಹೈದರಾಬಾದ್, ಜೋಧಪುರದವರು. ಸ್ಮಾರಕ 1922ರದು, 2018ರಲ್ಲಿ ವೃತ್ತಕ್ಕೆ ಹೈಫಾ ಹೆಸರೂ ಸೇರಿತು. ಸೆಪ್ಟೆಂಬರ್ 23 ಬಂತೆಂದರೆ ಈಗ ಭಾಷಣಗಳು: ಈಟಿ ಹಿಡಿದು ಮೆಷಿನ್ ಗನ್ನಿನ ಮೇಲೆ ನುಗ್ಗಿದ ವೀರರು!

ನನ್ನ ತಕರಾರು ಇಲ್ಲೇ. 1918ರ ಆ ಒಂದು ದಿನ ನಮಗೆ ಬೇಕು. ಅದರ ಹಿಂದಿನ ನಾಲ್ಕು ವರ್ಷ ಯಾರಿಗೂ ಬೇಡ.

ಸವಾರನ ದಿನಚರಿ ಏನು? ಕಹಳೆಗೆ ಎದ್ದವನು ಮೊದಲು ಹೋಗುವುದು ಲಾಯಕ್ಕೆ. ಲದ್ದಿ ಬಾಚಿ, ನೀರು ಕುಡಿಸಿ, ಮೈ ತಿಕ್ಕಿ, ಗೊರಸೆತ್ತಿ ನೋಡಿ, ಹುರುಳಿ ತಿನ್ನಿಸಿ, ಆಮೇಲೆ ತನ್ನ ತಿಂಡಿ. ಕವಾಯತು, ಈಟಿಯ ಅಭ್ಯಾಸ, ಬಂದೂಕಿನ ಗುರಿ, ಮತ್ತೆ ಲಾಯ. ಜೀನು ಲಗಾಮುಗಳ ಚರ್ಮಕ್ಕೆ ಎಣ್ಣೆ, ಸಂಜೆ ಪುನಃ ಲಾಯ, ರಾತ್ರಿ ಸರದಿಯ ಕಾವಲು. ಅಶ್ವದಳ ಯಾವುದಾದರೂ ಇದೇ ಕಥೆ. ನಮ್ಮವರು ಇದನ್ನೆಲ್ಲ ಕಲಿತದ್ದು ಬೆಂಗಳೂರಿನ ತಂಪಿನಲ್ಲಿ, ಗಟ್ಟಿ ಕೆಂಪು ನೆಲದ ಮೇಲೆ. ಮರುಭೂಮಿಯನ್ನು ಎಲ್ಲಿಂದ ತರಬೇಕಿತ್ತು?

1914ರ ಅಕ್ಟೋಬರ್‌ನಲ್ಲಿ ಹೊರಟಾಗ ಬ್ರಿಟನ್ ತುರ್ಕಿಯ ಮೇಲೆ ಯುದ್ಧ ಸಾರಿರಲೇ ಇಲ್ಲ. ಸಾರಿದ್ದು ನವೆಂಬರ್ 5ಕ್ಕೆ. ಅಂದರೆ ಮುಂದೆ ಕಾದಾಡಬೇಕಾದವನು ಇನ್ನೂ ಶತ್ರುವೇ ಆಗಿರದಿದ್ದಾಗ ಜೀನು ಬಿಗಿದವರು ಇವರು. ರಿಸಾಲೆಯಲ್ಲಿ ಮುಸ್ಲಿಮರೂ ಇದ್ದರು. ಎದುರಾದದ್ದು ಖಲೀಫನ ಸೈನ್ಯ. ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾವ ಭಾಷಣಕಾರರೂ ಕೇಳಿದ್ದನ್ನು ನಾನು ಕಾಣೆ.

ಆಮೇಲೆ ಈಜಿಪ್ಟ್, ಸೂಯೆಜ್ ಕಾಲುವೆಯ ಕಾವಲು. ಮೇವಿನ ಜೊತೆ ಮರಳು ಒಳಗಿಳಿದರೆ ಕುದುರೆಗೆ ಹೊಟ್ಟೆಶೂಲೆ, ಸತ್ತೇ ಹೋಗಬಹುದು. ಮೂತಿಗೆ ಚೀಲ ಕಟ್ಟಿ ತಿನ್ನಿಸಬೇಕು. ನೀರಿನ ಚಿಂತೆ ಬೇರೆ. ಸಿನಾಯ್ ದಾಟಲು ಸೈನ್ಯ ನೈಲ್ ನೀರನ್ನು ಕೊಳವೆಯಲ್ಲಿ ತರಿಸಿಕೊಳ್ಳಬೇಕಾಯಿತು. ಹೈಫಾದಲ್ಲಿ ನಮ್ಮ ದಳವಿದ್ದ ಇಡೀ ಬ್ರಿಗೇಡ್‌ನಲ್ಲಿ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳು? ಸತ್ತದ್ದು 60, ಗಾಯಗೊಂಡದ್ದು 83. ಜನ್ಮವಿಡೀ ಲೆಜರ್ ನೋಡಿದವನಿಗೆ ಇಂಥ ಅಂಕಿ ಕಣ್ಣಿಗೆ ಬೀಳದೆ ಇರುತ್ತದೆಯೇ? ನಾಲ್ಕು ವರ್ಷ ಮೈ ತಿಕ್ಕಿದ ಕುದುರೆ ಅದು.

ಹೋದ ಸಲ ಬಂದಿದ್ದ ತಂಗಿಯ ಮಗನಿಗೆ ಇದನ್ನೇ ಹೇಳುತ್ತಿದ್ದೆ. "ಮಾವ, ಲದ್ದಿ ಬಾಚಿದ್ದನ್ನ ಯಾರು ಓದ್ತಾರೆ? ಯುದ್ಧ ಹೇಳಿ," ಅಂದ.

"ಮಹಾರಾಜರು 1914ರಲ್ಲಿ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟದ್ದನ್ನ ಎಲ್ಲರೂ ಬರೀತಾರಲ್ಲಪ್ಪ, ಅದು ಯುದ್ಧವಾ? ಖರ್ಚಿನ ಲೆಕ್ಕ ತಾನೆ? ಹಾಗಿದ್ದ ಮೇಲೆ ಈ ಖರ್ಚನ್ನೂ ಬರೀಲಿ," ಅಂದೆ.

ಅವನು ಫೋಟೊ ತೆಗೆಸಿಕೊಂಡ. ಇವನ ಮನೆ ಬೆಂಗಳೂರಿನ ಆರ್.ಟಿ. ನಗರದಲ್ಲಿ. ಪಕ್ಕದ ಜೆ.ಸಿ. ನಗರದಲ್ಲೇ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ, ಹೋಗಿ ನೋಡೋ ಎಂದು ಹೇಳಿ ಕಳಿಸಿದೆ. ಫೋನ್ ಮಾಡಿದಾಗಲೆಲ್ಲ ಕೇಳುತ್ತೇನೆ. ಟ್ರಾಫಿಕ್ ಜಾಸ್ತಿ ಮಾವ, ಅನ್ನುತ್ತಾನೆ.